ವಿದ್ಯುತ್ ಕಸುಬು ಮತ್ತು ನಮ್ಮ ಕನ್ನಡ ಶಾಲೆ

ಶಾಲೆಯೊಂದರ ಬಾಳಿನಲ್ಲಿ ಐವತ್ತು ವರ್ಷಗಳೆಂದರೆ ಹಿಂತಿರುಗಿ ನೋಡಿ ಸಂತೋಷಪಡುವುದಕ್ಕೂ ಮುಂದೆ ನೋಡಿ ಚಿಂತಿಸುವುದಕ್ಕೂ ತಕ್ಕ ಕಾಲ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದವು. ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ. ಆ ಮಾತಿಗೆ ಅಕ್ಷರದ ಆಸರೆ ಕೊಟ್ಟವರು ಪೆದ್ದಕಡುಬೂರಿನಂತಹ ಊರುಗಳ ಕನ್ನಡ ಗುರುಗಳು. ಅವರಿಗೆ ನಮಸ್ಕರಿಸಿ, ಈ ಸಂಚಿಕೆಯ ಓದುಗರ ಮುಂದೆ ಒಂದು ಪ್ರಶ್ನೆಯನ್ನಿಡಬಯಸುತ್ತೇನೆ: ಹತ್ತನೆಯ ತರಗತಿ ಮುಗಿಸಿದ ನಮ್ಮ ಮಕ್ಕಳ ಮುಂದಿನ ದಾರಿ ಯಾವುದು?

ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯ ಸಂಸಾರಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೂ ಹೊರಡುವುದನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಇದನ್ನು ನಾವು ‘ಸುಗ್ಗಿಗೆ ಹೋಗುವುದು’ ಎನ್ನುತ್ತೇವೆ. ಸುಗ್ಗಿ ಬೇರೆಯವರದು, ಬೆವರು ಮಾತ್ರ ನಮ್ಮದು. ಹಿರಿಯರ ಬೆನ್ನಿಗೆ ಮಕ್ಕಳೂ ಹೊರಟಾಗ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುತ್ತದೆ.

ಇದೇ ಹೊತ್ತಿಗೆ ನಮ್ಮನ್ನು ಸುಡುವ ಬಿಸಿಲೇ ಸಂಪತ್ತಾಗಿದೆ. ಕರ್ನೂಲಿನ ಆಚೆ ಗನಿ, ಶಕುನಾಲ ಗ್ರಾಮಗಳ ಬಯಲಿನಲ್ಲಿ 1,000 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಉದ್ಯಾನ 2017ರಲ್ಲಿ ಸಿದ್ಧವಾಯಿತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟಿನ ಉದ್ಯಾನ 2019ರ ಹೊತ್ತಿಗೆ ಪೂರ್ಣಗೊಂಡಿತು. ಆದರೆ ಫಲಕಗಳನ್ನು ನಿಲ್ಲಿಸುವ ಕೆಲಸ ಮುಗಿದ ಮೇಲೆ ಊರಿನವರಿಗೆ ಉಳಿಯುವುದು ಕಾವಲು ಕಾಯುವ, ಹುಲ್ಲು ಕೀಳುವ, ಫಲಕ ಒರೆಸುವ ಕೆಲಸವೇ ಎಂಬ ಮಾತು ಪಾವಗಡದ ಹಳ್ಳಿಗಳಿಂದ ಕೇಳಿಬಂದಿದೆ. ಭೂಮಿ ನಮ್ಮದು, ಬಿಸಿಲು ನಮ್ಮದು. ಉಪಕರಣ ಹಿಡಿಯುವ ಕೈ ಮಾತ್ರ ಹೊರಗಿನದು. ಈ ಅಂತರವನ್ನು ತುಂಬುವುದು ತರಬೇತಿಯೊಂದೇ.

ಈ ಕಸುಬು ನೋಡಿ ಕಲಿತರೆ ಸಾಲದು. ಟ್ರಾನ್ಸ್‌ಫಾರ್ಮರ್ ಬಳಿ ತಾವೇ ಫ್ಯೂಸ್ ಕಟ್ಟಲು ಹೋಗಿ ಪ್ರಾಣ ಕಳೆದುಕೊಂಡವರ ಸುದ್ದಿ ಯಾವ ಹಳ್ಳಿಗೂ ಹೊಸದಲ್ಲ. ಸೌರಫಲಕದ ಅಪಾಯ ಇನ್ನೊಂದು ಬಗೆಯದು. ಬಿಸಿಲಿರುವವರೆಗೆ ಫಲಕದಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಸ್ವಿಚ್ಚು ತೆಗೆದರೂ ಅದು ಸಾಯುವುದಿಲ್ಲ. ದೊಡ್ಡ ಸ್ಥಾವರಗಳಲ್ಲಿ ಸಾಲುಫಲಕಗಳ ಒತ್ತಡ 1,500 ವೋಲ್ಟಿನವರೆಗೆ ಏರುತ್ತದೆ. ನೇರ ವಿದ್ಯುತ್ತಿನಲ್ಲಿ ಎದ್ದ ಕಿಡಿ ಮನೆಯ ವಿದ್ಯುತ್ತಿನಲ್ಲಿ ಎದ್ದ ಕಿಡಿಯಷ್ಟು ಸುಲಭವಾಗಿ ಆರದು. ಇದನ್ನರಿಯದವನ ಕೈಗೆ ಇಕ್ಕುಳ ಕೊಡುವುದು ಪಾಪಕರ.

ಕಲಿಯುವ ದಾರಿ ಇಲ್ಲದಿಲ್ಲ. ಹತ್ತನೆಯ ತರಗತಿ ಪಾಸಾದವರಿಗೆ ಐ.ಟಿ.ಐ.ಯಲ್ಲಿ ಎರಡು ವರ್ಷಗಳ ಎಲೆಕ್ಟ್ರೀಷಿಯನ್ ಶಿಕ್ಷಣವಿದೆ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸೂರ್ಯಮಿತ್ರ’ ಯೋಜನೆಯು ಅಂಥವರಿಗೆ 600 ಗಂಟೆಗಳ ಸೌರ ತರಬೇತಿಯನ್ನು ರೂಪಿಸಿತು. ನಮ್ಮ ಮಕ್ಕಳು ಎಡವುವುದು ಭಾಷೆಯ ಹೊಸ್ತಿಲಿನಲ್ಲಿ. ಅವರಿಗೆ ಸಂತೆಯ ತೆಲುಗು ಬರುತ್ತದೆ, ತಾಂತ್ರಿಕ ತೆಲುಗು ಬರುವುದಿಲ್ಲ. ಇಂಗ್ಲಿಷ್ ಅಕ್ಷರ ಬರುತ್ತದೆ, ವಾಕ್ಯ ತಿಳಿಯುವುದಿಲ್ಲ. ಮೋಟಾರು ಬಿಚ್ಚಿ ಸುತ್ತಬಲ್ಲ ಹುಡುಗ ಪಾಠ ಅರ್ಥವಾಗದೆ ನಾಲ್ಕೇ ತಿಂಗಳಲ್ಲಿ ಮನೆಗೆ ಮರಳಿದ್ದನ್ನು ನಾನು ಕಂಡಿದ್ದೇನೆ. ಅವನಿಗೆ ಬುದ್ಧಿಯ ಕೊರತೆಯಿರಲಿಲ್ಲ, ಸೇತುವೆಯ ಕೊರತೆಯಿತ್ತು.

‘ಹಾಗಾದರೆ ಕನ್ನಡ ಶಾಲೆಯೇ ತಪ್ಪಲ್ಲವೆ?’ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ವಿದ್ಯುತ್ತು ಹರಿಯುವ ಬಗೆಯನ್ನು ತಾಯ್ನುಡಿಯಲ್ಲಿ ಅರಿತವನು ಅದರ ಹೆಸರನ್ನು ಮತ್ತೊಂದು ನುಡಿಯಲ್ಲಿ ಬೇಗನೆ ಕಲಿಯುತ್ತಾನೆ. ಹೆಸರನ್ನಷ್ಟೇ ಕಂಠಪಾಠ ಮಾಡಿದವನು ಎಲ್ಲಿಯೂ ಕೆಲಸಕ್ಕೆ ಬಾರನು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಸಿದ ನಾಡು ಕನ್ನಡ ನಾಡು. ಕೈಗಾರಿಕೆಗೆ ಪದವೀಧರರಷ್ಟೇ ಸಾಲದೆಂದು ಮನಗಂಡ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ಹುಟ್ಟಿತು. ಅಮೆರಿಕದ ಅಯೋವಾ ರಾಜ್ಯದ ಒಂದು ಸಮುದಾಯ ಕಾಲೇಜು 2004ರಷ್ಟು ಹಿಂದೆಯೇ ರೈತರ ಮಕ್ಕಳಿರುವ ಸೀಮೆಯಲ್ಲಿ ಗಾಳಿಯಂತ್ರ ದುರಸ್ತಿಯ ಶಿಕ್ಷಣವನ್ನು ತೆರೆಯಿತು. ಕೆಲಸವಿರುವಲ್ಲಿಯೇ ಕಲಿಕೆಯಿರಲಿ ಎಂಬುದೇ ಅದರ ನೀತಿ.

ಆದವಾನಿಗೆ ಅಂತಹ ಕಾಲೇಜೊಂದು ಬರಲೆಂದು ಸರ್ಕಾರವನ್ನು ಕೇಳೋಣ; ಕೇಳುತ್ತ ಕೈಕಟ್ಟಿ ಕೂರುವುದು ಬೇಡ. ಪ್ರತಿ ಬೇಸಿಗೆಯಲ್ಲಿ ಹತ್ತನೆಯ ತರಗತಿ ಮುಗಿಸಿದವರಿಗೆ ನಮ್ಮ ಶಾಲೆಯಲ್ಲಿಯೇ ಒಂದು ತಿಂಗಳ ‘ಸೇತುವೆ ತರಗತಿ’ ನಡೆಯಲಿ. ಕಸುಬಿನ ಮುನ್ನೂರು ಪದಗಳನ್ನು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲಿಯೂ ಕಲಿಸೋಣ. ಚೆನ್ನೈನ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ ಐ.ಟಿ.ಐ. ಪಠ್ಯಗಳನ್ನು ಕನ್ನಡದಲ್ಲಿಯೂ ಹೊರತಂದಿದೆ. ಅವು ನಮ್ಮ ಗ್ರಂಥಭಂಡಾರಕ್ಕೆ ಬರಲಿ. ವಿದ್ಯುತ್ ಇಲಾಖೆಗಳಲ್ಲಿ ದುಡಿದ ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ದಿನ ಬಂದು ಕೈಯಲ್ಲಿ ಮೀಟರು ಕೊಟ್ಟು ಕಲಿಸಲಿ. ಹೆಣ್ಣುಮಕ್ಕಳನ್ನು ಹೊರಗಿಡದಿರೋಣ, ಮೀಟರು ಓದಲು ಮೀಸೆ ಬೇಕಿಲ್ಲ.

ಎಲ್ಲರಿಗೂ ಸ್ಥಾವರಗಳಲ್ಲಿ ನೌಕರಿ ಸಿಗುವುದೆಂದು ನಾನು ಹೇಳುತ್ತಿಲ್ಲ. ಅಲ್ಲಿ ಕಾಯಂ ಕೆಲಸ ಕಡಿಮೆಯೇ. ಆದರೆ ಸೌರ ಪಂಪುಗಳೂ ಮಾಳಿಗೆಯ ಫಲಕಗಳೂ ಊರೂರಿಗೆ ಬರುತ್ತಿವೆ. ಕೆಟ್ಟಾಗ ಸರಿಪಡಿಸುವವನು ಊರಿನಲ್ಲಿಯೇ ಬೇಕಲ್ಲವೆ?

ಸುವರ್ಣ ಮಹೋತ್ಸವಕ್ಕೆ ಕಮಾನು ಕಟ್ಟಿದ್ದೇವೆ, ದೀಪ ಹಚ್ಚಿದ್ದೇವೆ. ಮುಂದಿನ ಬೇಸಿಗೆಗೆ ಒಂದು ಕೊಠಡಿ, ಹತ್ತು ಮೀಟರು, ಇಪ್ಪತ್ತು ಮಕ್ಕಳು — ಇಷ್ಟನ್ನು ಕೂಡಿಸಿದರೆ ಆ ದೀಪ ಉತ್ಸವ ಮುಗಿದ ಮೇಲೆಯೂ ಉರಿದೀತು.