ಟ್ಯಾಂಕಿಗೂ ಬೇಕು ಮೆಕ್ಯಾನಿಕಲ್ ಎಂಜಿನಿಯರ್

ಬಿಇಗೆ ಮೆಕ್ಯಾನಿಕಲ್ ಸೇರಿದೆ ಎಂದಾಗ ಆಳಂದದ ನಮ್ಮ ಓಣಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ‘ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲೇನು?’

ನನ್ನ ಉತ್ತರ ಮೈಸೂರಿನಲ್ಲಿದೆ. 2024ರ ಮಾರ್ಚ್ 20ರಂದು ಅಲ್ಲಿನ ಬೆಮೆಲ್ ಘಟಕದಲ್ಲಿ, ಯುದ್ಧ ಟ್ಯಾಂಕ್‌ಗಳಿಗಾಗಿ ದೇಶದಲ್ಲೇ ರೂಪಿಸಿದ 1,500 ಅಶ್ವಶಕ್ತಿಯ ಎಂಜಿನ್ ಮೊದಲ ಬಾರಿಗೆ ಪರೀಕ್ಷಾರ್ಥ ಚಾಲೂ ಆಯಿತು. ಆದರೆ ಪರೀಕ್ಷೆಯಿಂದ ಸೇನೆಯವರೆಗಿನ ದಾರಿ ಉದ್ದ. ಮರುವರ್ಷ ಹಳೆಯ ಟಿ-72 ಟ್ಯಾಂಕ್‌ಗಳ 780 ಅಶ್ವಶಕ್ತಿಯ ಎಂಜಿನ್ ತೆಗೆದು 1,000 ಅಶ್ವಶಕ್ತಿಯದನ್ನು ಕೂರಿಸಲು ನಾವು ರಷ್ಯಾ ಜತೆಗೇ 24.8 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡೆವು. ಅದರಲ್ಲಿ ತಂತ್ರಜ್ಞಾನ ವರ್ಗಾವಣೆಯೂ ಸೇರಿದೆ ಎಂಬುದು ಸಮಾಧಾನ.

ಹಳೆಯದನ್ನು ಹೊಸದಾಗಿಸುವ ಕೆಲಸ ಎಲ್ಲೆಡೆ ನಡೆದಿದೆ. ಬ್ರಿಟನ್ ತನ್ನ 148 ಚಾಲೆಂಜರ್ ಟ್ಯಾಂಕ್‌ಗಳಿಗೆ ಹೊಸ 120 ಮಿ.ಮೀ. ಫಿರಂಗಿ ಜೋಡಿಸಲು ಹೊರಟಿದೆ. ಜಾಕಲ್, ಫಾಕ್ಸ್‌ಹೌಂಡ್ ವಾಹನಗಳಲ್ಲಿ ಹೈಬ್ರಿಡ್ ಪರೀಕ್ಷಿಸಿದೆ. ಹೈಬ್ರಿಡ್ ಆದರೆ ಡೀಸೆಲ್ ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಮೇಲೆ ಸದ್ದಿಲ್ಲದೆ ಕಾವಲು ಕಾಯಬಹುದು. ಮೋಟಾರ್ ನಿಂತಲ್ಲಿಂದಲೇ ಪೂರ್ತಿ ಟಾರ್ಕ್ ಕೊಡುತ್ತದೆ. ಎರೆಹೊಲದ ಕೆಸರಲ್ಲಿ ತೊಗರಿ ಟ್ರಾಲಿ ಸಿಕ್ಕಿಬಿದ್ದಾಗ ಟ್ರ್ಯಾಕ್ಟರ್ ಒದ್ದಾಡುವುದನ್ನು ಕಂಡ ನಮಗೆ ಟಾರ್ಕಿನ ಬೆಲೆ ಹೇಳಿಕೊಡಬೇಕಿಲ್ಲ. ಆದರೆ ಬ್ಯಾಟರಿಯ ತೂಕ, ಗುಂಡು ತಗುಲಿದರೆ ಹೊತ್ತುವ ಬೆಂಕಿ ಇನ್ನೂ ಬಿಡಿಸಬೇಕಾದ ಲೆಕ್ಕಗಳು.

ಬಿಡಿಸುವವರು ಯಾರು? ನನ್ನ ತರಗತಿಯ ಅನೇಕರು ಪ್ಲೇಸ್‌ಮೆಂಟಿಗಾಗಿ ಕೋಡಿಂಗ್ ಹಿಡಿದಿದ್ದಾರೆ. ತಪ್ಪಲ್ಲ, ನಾನೂ ಕಲಿಯುತ್ತಿದ್ದೇನೆ. ಮೋಟಾರ್ ನಿಯಂತ್ರಿಸಲು ಅದೂ ಬೇಕು. ಆದರೆ ಕಲಿತವರೆಲ್ಲ ಎಂಜಿನ್ ಬಿಟ್ಟು ಹೋದರೆ ಮುಂದಿನ ಒಪ್ಪಂದಕ್ಕೂ ಹೊರದೇಶಕ್ಕೇ ಹೋಗಬೇಕಾದೀತು. ರಕ್ಷಣಾ ಕಾರ್ಖಾನೆಗಳು ನಮ್ಮ ಭಾಗದ ಕಾಲೇಜುಗಳಿಗೂ ಇಂಟರ್ನ್‌ಶಿಪ್ ಬಾಗಿಲು ಅಗಲವಾಗಿ ತೆರೆಯಲಿ. ಅರ್ಜಿ ಹಾಕಲು ನಾವು ಸಿದ್ಧ.