ಬಂಡೆಯ ಮೇಲಿನ ಮೊಟ್ಟೆಗೂ ನದಿಯಲ್ಲಿ ಪಾಲಿದೆ

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಬರುವವರ ನೋಟ ಮೊದಲು ಹೊರಳುವುದು ಮರಗಳತ್ತ. ಬಣ್ಣದ ಕೊಕ್ಕರೆ, ಚಮಚಕೊಕ್ಕು, ಬೆಳ್ಳಕ್ಕಿಗಳ ಗದ್ದಲದ ನಡುವೆ, ನೀರಂಚಿನ ಬಂಡೆಯ ಮೇಲೆ ಬಂಡೆಯ ಬಣ್ಣದಲ್ಲೇ ನಿಂತಿರುವ ದೊಡ್ಡ ಕಲ್ಲುಗೊರವ ಹಕ್ಕಿಯನ್ನು ಗುರುತಿಸುವವರು ವಿರಳ.

ಇದು ಕಡಲಂಚು, ಅಳಿವೆಗಳಲ್ಲಿಯೂ ದೊಡ್ಡ ನದಿಗಳ ಕಲ್ಲುಹಾಸಿನಲ್ಲಿಯೂ ಬಾಳುವ ಹಕ್ಕಿ. ಉದ್ದ ಸುಮಾರು 50 ಸೆಂ.ಮೀ. ತುಸು ಮೇಲಕ್ಕೆ ಬಾಗಿದ ದಪ್ಪ ಕೊಕ್ಕು ಏಡಿಯ ಚಿಪ್ಪನ್ನು ಒಡೆಯಲು ತಕ್ಕುದಾಗಿದೆ. ಹಗಲೆಲ್ಲ ಬಹುಮಟ್ಟಿಗೆ ನಿಶ್ಚಲವಾಗಿದ್ದು, ಮುಸ್ಸಂಜೆಯಿಂದ ಆಹಾರ ಹುಡುಕುತ್ತದೆ. ದೊಡ್ಡ ಹಳದಿ ಕಣ್ಣುಗಳು ಅದಕ್ಕೆ ನೆರವು. ಇದು ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ತೆರೆದುಕೊಳ್ಳುವ ಬರಿ ಬಂಡೆ ಅಥವಾ ಮರಳ ದಿಬ್ಬದ ಮೇಲೆ ಒಂದೆರಡು ಮೊಟ್ಟೆಯಿಡುತ್ತದೆ. ನದಿ ರೀವದ ರೀತಿಯೂ ಹೀಗೆಯೇ.

ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಧಾಮದ ವಿಸ್ತೀರ್ಣ ಕೇವಲ 0.67 ಚದರ ಕಿ.ಮೀ. ಮೇಲ್ಗಡೆಯೇ ಇರುವ ಕೃಷ್ಣರಾಜಸಾಗರದಿಂದ ಬೇಸಿಗೆಯಲ್ಲಿ ಒಮ್ಮೆಲೇ ಹೆಚ್ಚು ನೀರು ಹರಿದರೆ ಮರದ ಗೂಡು ಉಳಿಯುತ್ತದೆ, ಬಂಡೆಯ ಮೊಟ್ಟೆ ಕೊಚ್ಚಿಹೋಗುತ್ತದೆ. ಧಾಮದ ಹೊರಗೆ ಮರಳು ತೆಗೆಯುವವರೂ ಬೀದಿನಾಯಿಗಳೂ ಅದಕ್ಕೆ ಕಂಟಕ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಹಕ್ಕಿಯನ್ನು ಅಪಾಯದ ಅಂಚಿಗೆ ಸಮೀಪಿಸುತ್ತಿರುವ ಜೀವಿಗಳ ಸಾಲಿನಲ್ಲಿ ಇರಿಸಿದೆ.

ರೈತನ ಬೆಳೆ ಒಣಗುವಾಗ ಹಕ್ಕಿಯ ಮೊಟ್ಟೆಗಾಗಿ ನೀರು ತಡೆಯಬೇಕೇ ಎಂಬ ಪ್ರಶ್ನೆ ಸಹಜ. ತಡೆಯಬೇಕಾಗಿಲ್ಲ. ನದಿಗೆ ಬಿಡುವ ನೀರನ್ನು ಹಂತಹಂತವಾಗಿ ಏರಿಸಬಹುದು. ಫೆಬ್ರುವರಿಯಿಂದ ಜೂನ್‌ವರೆಗೆ ಮೊಟ್ಟೆಯಿಡುವ ದಿಬ್ಬಗಳನ್ನು ಮುಟ್ಟದಿರಬಹುದು. ಮರಳಿನ ವಿಷಯದಲ್ಲಂತೂ ರೈತನ ಹಿತವೂ ಹಕ್ಕಿಯ ಹಿತವೂ ಒಂದೇ. ಕೆ.ಆರ್. ಪೇಟೆ ಸೀಮೆಯ ಹೇಮಾವತಿಯಾಗಲಿ, ನಾಗಮಂಗಲದ ಕಡೆಯಿಂದ ಪಾಂಡವಪುರದ ಮೂಲಕ ಬಂದು ಕಾವೇರಿ ಸೇರುವ ಲೋಕಪಾವನಿಯಾಗಲಿ, ಒಡಲಿನ ಮರಳಿನಲ್ಲಿ ನೀರು ಹಿಡಿದಿಟ್ಟುಕೊಂಡು ದಡದ ಬಾವಿಗಳನ್ನು ಪೊರೆಯುತ್ತವೆ. ಮರಳು ಬರಿದಾದರೆ ಹೊಳೆಯ ತಳ ಕುಸಿಯುತ್ತದೆ, ಅದರೊಂದಿಗೆ ಬಾವಿಯ ನೀರೂ ಇಳಿಯುತ್ತದೆ.

ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಹುಟ್ಟುವುದು ಬೆಟ್ಟದ ಸೀಮೆಯಲ್ಲಿ. ಆ ಜಲಮೂಲಗಳಿಗಾಗಿ ದನಿಯೆತ್ತುವವರು ಬಯಲಿನ ಬರಿ ಬಂಡೆ, ಬರಿ ಮರಳಿಗೂ ದನಿಯಾಗಬೇಕು. ಸರ್ಕಾರದ ಕಡತದಲ್ಲಿ ಖನಿಜವೆನಿಸಿಕೊಂಡ ಆ ಮರಳು ಕಲ್ಲುಗೊರವಕ್ಕೆ ಬಾಣಂತಿಕೋಣೆ.