ಕಿಟಕಿ ಹಾಕಿದರೆ ಹೊಳೆ ತಿಳಿಯಾದೀತೇ?

ಮೈಸೂರು ರಸ್ತೆಯಲ್ಲಿ ಬಸ್ಸು ಕೆಂಗೇರಿ ಹತ್ತಿರ ಬಂದರೆ ಸಾಕು, “ಕಿಟಕಿ ಹಾಕ್ರೀ” ಅಂತ ಕೂಗು. ನಾತ ವೃಷಭಾವತಿಯದು. ಬೆಂಗಳೂರಿನ ಕೊಳಚೆ, ಕಾರ್ಖಾನೆಗಳ ಕಲ್ಮಶ ಹೊತ್ತು ಬೈರಮಂಗಲದ ಕಡೆ ಹರಿದು ಅರ್ಕಾವತಿಗೆ, ಅದರೊಂದಿಗೆ ಕಾವೇರಿಗೆ ಸೇರುವ ಹೊಳೆ ಇದು.

ಹೊಳೆಗೂ ಕಣ್ಣಿಗೆ ಕಾಣದ ಕೆಲಸಗಾರರಿದ್ದಾರೆ. ಅವೇ ಬ್ಯಾಕ್ಟೀರಿಯಾ. ಒಂದೊಂದಕ್ಕೆ ಒಂದೊಂದು ಕಸುಬು. ಒಂದು ಎಣ್ಣೆ ಜಿಡ್ಡು ಅರಗಿಸಿದರೆ ಇನ್ನೊಂದು ಸಾಬೂನಿನ ನೊರೆ, ಮತ್ತೊಂದು ಫೀನಾಲ್. ಆ ವಿದ್ಯೆ ಅಡಗಿರುವ ಜೀನನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸುವುದೂ ಉಂಟು. ಬಂಗಾಳದ ವಿಜ್ಞಾನಿ ಆನಂದ ಮೋಹನ ಚಕ್ರವರ್ತಿಯವರು ಅಂಥ ಹಲವು ವಿದ್ಯೆಗಳನ್ನು ಒಂದೇ ಬ್ಯಾಕ್ಟೀರಿಯಾದಲ್ಲಿ ಕೂಡಿಸಿದರು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಅದರ ಪೇಟೆಂಟ್ ಮೊಕದ್ದಮೆಯನ್ನೂ ಗೆದ್ದರು.

ಹಾಗಾದರೆ ಬ್ಯಾಕ್ಟೀರಿಯಾ ಪುಡಿ ತಂದು ಸುರಿದರಾಯ್ತಲ್ಲ ಅನ್ನಬೇಡಿ. ಹೊಳೆಗೆ ಒಬ್ಬ ಪೈಲ್ವಾನ ಸಾಲದು, ನೂರು ಕಸುಬಿನವರು ಬೇಕು. ಅವರಲ್ಲಿ ಬಹುಪಾಲು ಮಂದಿಗೆ ಆಮ್ಲಜನಕ ಬೇಕು. ಕೊಳಚೆ ಮಿತಿಮೀರಿದರೆ ಆಮ್ಲಜನಕ ಮುಗೀತು. ಆಮೇಲೆ ಗಂಧಕದ ಅನಿಲ ಬಿಡುವ ಜಾತಿಗಳದ್ದೇ ದರ್ಬಾರು. ಬಸ್ಸಿನೊಳಗೆ ನುಗ್ಗುವ ಕೊಳೆತ ಮೊಟ್ಟೆಯ ವಾಸನೆ ಅದೇ. ಸೀಸ, ಕ್ರೋಮಿಯಂನಂಥ ಲೋಹಗಳನ್ನಂತೂ ಯಾವ ಬ್ಯಾಕ್ಟೀರಿಯಾವೂ ತಿಂದು ಇಲ್ಲವಾಗಿಸದು.

ಆದ್ದರಿಂದ ಕೊಳಚೆ ಶುದ್ಧವಾದ ಮೇಲೆಯೇ ಹೊಳೆಗೆ ಇಳಿಯಲಿ. ಕಾರ್ಖಾನೆಯ ವಿಷ ಕಾರ್ಖಾನೆಯ ಬಾಗಿಲಲ್ಲೇ ನಿಲ್ಲಲಿ. ಕೆಲಸಗಾರರಿಗೆ ಉಸಿರಾಡಲು ಬಿಟ್ಟರೆ ಉಳಿದ ಕೆಲಸ ಅವರೇ ನೋಡಿಕೊಳ್ತಾರೆ. ಕಿಟಕಿ ಹಾಕಿದರೆ ಮೂಗು ಉಳಿದೀತು, ಹೊಳೆ ಉಳಿಯೋಲ್ಲ.